ಬೇರೆ ಲೋಕದ ಜೀವ ಹುಡುಕಲು ಇಷ್ಟೊಂದು ದೇಶ ಯಾಕೆ ಬೇಕು?

ಮೊನ್ನೆ ಉಡುಪಿಯಿಂದ ಮಲ್ಪೆಗೆ ಹೋಗುವ ಸಿಟಿ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ ಸಿಕ್ಕಿದರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಅವರದ್ದು. ಮಗಳು ನಮ್ಮ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕೊನೇ ವರ್ಷ. ಪಕ್ಕದಲ್ಲಿ ಕೂತವರೇ ಒಂದೇ ಉಸಿರಿಗೆ ಕೇಳಿದರು.

"ಸರ್, ಮಗಳು ಮುಂದೆ ಆಸ್ಟ್ರೋಬಯಾಲಜಿ ಓದ್ತೇನೆ ಅಂತಾಳೆ. ಅದು ಜ್ಯೋತಿಷ್ಯದ್ದಾ? ಫಾರಿನ್‌ಗೇ ಹೋಗ್ಬೇಕಂತೆ, ಹೌದಾ? ಇಲ್ಲಿ ಎಂತ ಉಂಟು ಅದಕ್ಕೆ?"

ಬಸ್ಸು ಆದಿಉಡುಪಿ ದಾಟಿ ಕಲ್ಮಾಡಿ ಮುಟ್ಟುವಷ್ಟರಲ್ಲಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡಲು ಆಯಿತು. ಉಳಿದ ಎರಡು ಬಾಕಿ. ಇವು ಅವರೊಬ್ಬರ ಪ್ರಶ್ನೆಗಳೂ ಅಲ್ಲ. 2025ರ ಏಪ್ರಿಲ್‌ನಲ್ಲಿ ದೂರದ ಗ್ರಹವೊಂದರ ಗಾಳಿಯಲ್ಲಿ ಜೀವದ ಕುರುಹು ಇರಬಹುದು ಎಂಬ ಸುದ್ದಿ ಬಂತು. ಜೂನ್‌ನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಹೆಸರುಕಾಳು, ಮೆಂತ್ಯವನ್ನು ಅಂತರಿಕ್ಷ ನಿಲ್ದಾಣಕ್ಕೆ ಒಯ್ದು ಮೊಳಕೆ ಬರಿಸಿದರು. ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹದ ಒಂದು ಕಲ್ಲಿನ ಬಗ್ಗೆ ನಾಸಾ ದೊಡ್ಡ ಘೋಷಣೆ ಮಾಡಿತು. ಅಂದಿನಿಂದ ವಾಟ್ಸಾಪ್‌ನಲ್ಲಿ "ಜೀವ ಸಿಕ್ಕಿಯೇ ಬಿಟ್ಟಿತು" ಅನ್ನುವ ಸಂದೇಶಗಳು ಓಡಾಡುತ್ತಿವೆ. ಮಕ್ಕಳು ಅದನ್ನು ಓದಬೇಕು ಅನ್ನುತ್ತಾರೆ. ಹೆತ್ತವರಿಗೆ ಅದು ಏನು ಅಂತಲೇ ಗೊತ್ತಿಲ್ಲ. ಹಾಗಾಗಿ ಬುಡದಿಂದ ಶುರು ಮಾಡೋಣ.

ಜ್ಯೋತಿಷ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ

ಆಸ್ಟ್ರೋಬಯಾಲಜಿಯನ್ನು ಕನ್ನಡದಲ್ಲಿ ಖಗೋಳ ಜೀವವಿಜ್ಞಾನ ಅನ್ನಬಹುದು. ಅದು ಕೇಳುವುದು ಮೂರು ಪ್ರಶ್ನೆ. ಜೀವ ಹೇಗೆ ಹುಟ್ಟಿತು? ಭೂಮಿ ಬಿಟ್ಟು ಬೇರೆಲ್ಲಾದರೂ ಇದೆಯಾ? ಭೂಮಿಯ ಮೇಲೂ ಹೊರಗೂ ಅದರ ಮುಂದಿನ ಗತಿ ಏನು?

ಮೊದಲ ಪ್ರಶ್ನೆಗೆ ಭಾರತದ ನಂಟು ಹಳೆಯದು. ಜೀವ ಹುಟ್ಟುವ ಮೊದಲು ಸಮುದ್ರದಲ್ಲಿ ರಾಸಾಯನಿಕಗಳ ತೆಳ್ಳಗಿನ ಸಾರು ಇತ್ತು, ಅದರಲ್ಲೇ ಜೀವದ ಬಿಡಿಭಾಗಗಳು ತಯಾರಾದವು ಎಂದು 1924ರಲ್ಲಿ ರಷ್ಯಾದ ಒಪಾರಿನ್ ಹೇಳಿದರು. 1929ರಲ್ಲಿ ಬ್ರಿಟನ್ನಿನ ಜೆ. ಬಿ. ಎಸ್. ಹಾಲ್ಡೇನ್ ಕೂಡ ತಾವೇ ಯೋಚಿಸಿ ಹೆಚ್ಚುಕಡಿಮೆ ಅದನ್ನೇ ಬರೆದರು. ಅದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

1953ರಲ್ಲಿ ಅಮೆರಿಕದ ಸ್ಟಾನ್ಲಿ ಮಿಲ್ಲರ್ ಆ ಸಾರನ್ನು ಗಾಜಿನ ಬುರುಡೆಯಲ್ಲೇ ಮಾಡಿ ನೋಡಿದರು. ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿ ಒಳಗೆ ಕರೆಂಟಿನ ಕಿಡಿ ಹಾರಿಸಿದರು. ಅದು ಸಿಡಿಲಿನ ಬದಲಿಗೆ. ಕೆಲವೇ ದಿನದಲ್ಲಿ ನೀರಿನಲ್ಲಿ ಅಮಿನೋ ಆಮ್ಲಗಳು ಕಂಡವು. ಪ್ರೋಟೀನ್ ಒಂದು ಮಣಿಸರ ಅಂದುಕೊಂಡರೆ ಅಮಿನೋ ಆಮ್ಲಗಳು ಅದರ ಮಣಿಗಳು. ಇದೇ ಮಣಿಗಳು ಆಕಾಶದಿಂದ ಬಿದ್ದ ಕಲ್ಲುಗಳಲ್ಲೂ ಸಿಕ್ಕಿವೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾ ನೌಕೆ 2023ರಲ್ಲಿ ತಂದ ಮಣ್ಣಿನಲ್ಲಿ, ನಮ್ಮ ಮೈಯ ಪ್ರೋಟೀನ್‌ಗಳಿಗೆ ಬೇಕಾದ 20 ಅಮಿನೋ ಆಮ್ಲಗಳ ಪೈಕಿ 14 ಇದ್ದವು.

ಹಾಗಾದರೆ ಬೆನ್ನುವಿನಲ್ಲಿ ಜೀವ ಇತ್ತಾ? ಇಲ್ಲ. ಅಡುಗೆಮನೆಯಲ್ಲಿ ಅಕ್ಕಿ ಇದೆ, ತೆಂಗಿನಕಾಯಿ ಇದೆ ಅಂದ ಮಾತ್ರಕ್ಕೆ ನೀರ್‌ದೋಸೆ ಆಗಿದೆ ಅಂತಲ್ಲ. ಸಾಮಾನು ಎಲ್ಲೆಡೆ ಇದೆ ಅಂತ ಗೊತ್ತಾಯಿತು, ಅಷ್ಟೇ. ಅದೂ ಸಣ್ಣ ಸಂಗತಿ ಏನಲ್ಲ.

ಕುರುಹು ಮತ್ತು ಕುರುಹಿನಂತೆ ಕಾಣುವುದು

ಎರಡನೇ ಪ್ರಶ್ನೆಗೆ ಬರೋಣ. ಬೇರೆ ಕಡೆ ಜೀವ ಹುಡುಕುವುದು ಅಂದರೆ ಹೆಚ್ಚಾಗಿ ಜೀವದ ಕುರುಹು ಹುಡುಕುವುದು. ಅಲ್ಲಿ ಓಡಾಡುವ ಪ್ರಾಣಿಯನ್ನು ಯಾರೂ ನಿರೀಕ್ಷಿಸುತ್ತಿಲ್ಲ. ಸೂಕ್ಷ್ಮಜೀವಿ ಬಿಟ್ಟುಹೋದ ಕಲೆ, ಉಸಿರು ಬಿಟ್ಟ ಅನಿಲ, ಕಲ್ಲಿನಲ್ಲಿ ಉಳಿದ ಪದರ, ಇಂಥವು. ಮನೆಗೆ ಬೆಕ್ಕು ಬಂದದ್ದನ್ನು ನಾವು ನೋಡಿರುವುದಿಲ್ಲ. ಹಾಲಿನ ಪಾತ್ರೆ ಖಾಲಿ ಇದ್ದರೆ ಗೊತ್ತಾಗುತ್ತದೆ, ಅಲ್ವಾ? ಆದರೆ ಹಾಲು ಖಾಲಿಯಾಗಲು ಬೆಕ್ಕೇ ಬೇಕೆಂದಿಲ್ಲ. ತೊಡಕು ಇರುವುದು ಅಲ್ಲೇ.

ಇದನ್ನು ತರಗತಿಯಲ್ಲಿ ವಿವರಿಸಲು ನನಗೆ ಸಿಗುವ ಒಳ್ಳೆಯ ಉದಾಹರಣೆ ಮಲ್ಪೆಯಿಂದ ಬೋಟು ಹತ್ತಿದರೆ ಸಿಗುವ ಸೇಂಟ್ ಮೇರೀಸ್ ದ್ವೀಪ. ಅಲ್ಲಿಯ ಕಲ್ಲುಕಂಬಗಳನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಮಾತು: "ಇದನ್ನು ಯಾರು ಕೆತ್ತಿದ್ದು?" ಐದು ಮೂಲೆ, ಆರು ಮೂಲೆಯ ಕಂಬಗಳು, ಅಳತೆ ಹಿಡಿದು ನಿಲ್ಲಿಸಿದ ಹಾಗೆ ಒಂದಕ್ಕೊಂದು ತಾಗಿ ನಿಂತಿವೆ. ಯಾರೂ ಕೆತ್ತಿಲ್ಲ. ಕೋಟ್ಯಂತರ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ ಬಿರುಕು ಬಿಟ್ಟದ್ದು. ಗದ್ದೆಯ ಕೆಸರು ಬೇಸಿಗೆಯಲ್ಲಿ ಬಿರಿಯುವ ಹಾಗೆಯೇ. ಚಂದದ ಆಕಾರ ಕಂಡ ಕೂಡಲೇ ಕೈಯೊಂದನ್ನು ಊಹಿಸುವುದು ನಮ್ಮ ಮನಸ್ಸಿನ ಅಭ್ಯಾಸ.

ನಮ್ಮ ಮುರಕಲ್ಲು ಇನ್ನೊಂದು ಪಾಠ. ಅದು ಕೆಂಪಾಗಿರುವುದು ಅದರೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದದ್ದರಿಂದ. ಮಂಗಳ ಕೆಂಪಾಗಿರುವುದೂ ತುಕ್ಕಿನಿಂದಲೇ. ಆದರೆ ನಮ್ಮ ಕಲ್ಲು ಆದದ್ದು ಸಾವಿರಾರು ಮಳೆಗಾಲಗಳು ತೊಳೆದು ತೊಳೆದು. ಮಂಗಳದ್ದು ಬೇರೆಯೇ ಕಥೆ. ಬಣ್ಣ ಒಂದಾದರೆ ಹುಟ್ಟೂ ಒಂದೇ ಆಗಬೇಕಾಗಿಲ್ಲ.

ಈಗ ಆ ಮಂಗಳದ ಕಲ್ಲಿನ ವಿಷಯ. ನಾಸಾದ ಪರ್ಸಿವಿಯರೆನ್ಸ್ ಗಾಡಿ 2021ರ ಫೆಬ್ರವರಿಯಲ್ಲಿ ಮಂಗಳದ ಜೆಜಿರೊ ಎಂಬ ಕುಳಿಯಲ್ಲಿ ಇಳಿಯಿತು. 2024ರ ಜುಲೈಯಲ್ಲಿ, ಒಂದು ಕಾಲದಲ್ಲಿ ನದಿ ಹರಿದಿದ್ದ ಕಣಿವೆಯಲ್ಲಿ, ಅದಕ್ಕೆ ಒಂದು ಬಂಡೆ ಸಿಕ್ಕಿತು. ಬಂಡೆಗೆ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟರು. ಅದರ ಮೈಮೇಲೆ ಚಿರತೆಯ ಚುಕ್ಕೆಯಂಥ ಕಲೆಗಳು. ಕಲೆಗಳಲ್ಲಿ ಎರಡು ಖನಿಜಗಳ ಗುರುತು: ಒಂದು ಕಬ್ಬಿಣ ಮತ್ತು ರಂಜಕದ್ದು, ಇನ್ನೊಂದು ಕಬ್ಬಿಣ ಮತ್ತು ಗಂಧಕದ್ದು. ಭೂಮಿಯಲ್ಲಿ ಇಂಥವು ಕೆಸರಿನಡಿ ಕೊಳೆಯುವ ಜಾಗಗಳಲ್ಲಿ, ಸೂಕ್ಷ್ಮಜೀವಿಗಳ ಊಟದ ಉಳಿಕೆಯಾಗಿ ಉಂಟಾಗುತ್ತವೆ. ಜೀವ ಇಲ್ಲದೆಯೂ ಉಂಟಾಗಬಹುದು. ಆದರೆ ಅದಕ್ಕೆ ಬೇಕಾದಷ್ಟು ಬಿಸಿಯೋ ಆಮ್ಲವೋ ಆ ಬಂಡೆಗೆ ತಾಗಿದ ಗುರುತು ಕಾಣುತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಿಜ್ಞಾನಿಗಳು ಬಳಸಿದ ಮಾತು "ಜೀವದ ಕುರುಹು ಆಗಿರಬಹುದಾದದ್ದು". ಆ "ಆಗಿರಬಹುದಾದ" ಅನ್ನುವ ಪದ ವಾಟ್ಸಾಪ್‌ಗೆ ಬರುವಾಗ ಬಿದ್ದುಹೋಯಿತು.

124 ಜ್ಯೋತಿರ್ವರ್ಷ ಆಚೆ ಕಡಲ ವಾಸನೆ

ಏಪ್ರಿಲ್‌ನ ಸುದ್ದಿ ಕರಾವಳಿಯವರಿಗೆ ಇನ್ನೂ ಹತ್ತಿರದ್ದು. ಕೆ2-18ಬಿ ಎಂಬ ಗ್ರಹ ಸಿಂಹ ರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟಲು 124 ವರ್ಷ. ಅದು ತನ್ನ ನಕ್ಷತ್ರದ ಎದುರು ಹಾದುಹೋಗುವಾಗ, ನಕ್ಷತ್ರದ ಸ್ವಲ್ಪ ಬೆಳಕು ಗ್ರಹದ ಗಾಳಿಯೊಳಗಿನಿಂದ ತೂರಿ ಬರುತ್ತದೆ. ಒಂದೊಂದು ಅನಿಲ ಒಂದೊಂದು ಬಣ್ಣದ ಬೆಳಕನ್ನು ಹೀರಿಕೊಳ್ಳುತ್ತದೆ. ಲೋಟವನ್ನು ಬೆಳಕಿಗೆ ಹಿಡಿದರೆ ಪುನರ್ಪುಳಿ ಶರಬತ್ತೋ ಲಿಂಬೆಯದ್ದೋ ಎಂದು ಕುಡಿಯದೆಯೇ ಹೇಳಬಹುದಲ್ಲ, ಹಾಗೆ.

ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಆ ಬೆಳಕಿನಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ನೆಂಟ ಅನಿಲದ ಗುರುತು ಕಂಡಿದೆ ಎಂದಿತು. ಮಧುಸೂದನ್ ಇಂಜಿನಿಯರಿಂಗ್ ಓದಿದ್ದು ವಾರಾಣಸಿಯಲ್ಲಿ. ಈ ಡೈಮೀಥೈಲ್ ಸಲ್ಫೈಡ್ ಯಾವುದು ಗೊತ್ತಾ? ಕಡಲ ಕರೆಗೆ ಹೋದ ಕೂಡಲೇ ಮೂಗಿಗೆ ಬರುವ ಆ ಸಮುದ್ರದ ವಾಸನೆಯಲ್ಲಿ ದೊಡ್ಡ ಪಾಲು ಇದರದ್ದೇ. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಗಳಿಂದ ಬರುವಂಥದ್ದು.

ಹಾಗಾದರೆ ಅಲ್ಲಿ ಪಾಚಿ ಇರುವ ಕಡಲು ಇದೆಯಾ? ಎರಡು ಅಡ್ಡಿಗಳಿವೆ. ಒಂದು ಲೆಕ್ಕದ್ದು. ಅಳತೆಯ ಏರುಪೇರಿನಿಂದ ಸುಮ್ನೆ ಆಕಸ್ಮಿಕವಾಗಿ ಇಂಥ ಗುರುತು ಕಾಣಿಸುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟಿತ್ತು. ಕೇಳಲು ಕಡಿಮೆ ಅನಿಸುತ್ತದೆ. ಇಂಥ ದೊಡ್ಡ ಮಾತಿಗೆ ವಿಜ್ಞಾನಿಗಳು ಕೇಳುವುದು ಕೋಟಿಗೆ ಆರರಷ್ಟು. ಬೇರೆ ತಂಡಗಳು ಅದೇ ಅಂಕಿಗಳನ್ನು ತಮ್ಮ ರೀತಿಯಲ್ಲಿ ಲೆಕ್ಕ ಹಾಕಿದಾಗ ಗುರುತು ಮತ್ತೂ ಮಸುಕಾಯಿತು. ಇನ್ನೊಂದು ಅಡ್ಡಿ ರಸಾಯನದ್ದು. 67ಪಿ ಎಂಬ ಧೂಮಕೇತುವಿನಲ್ಲೂ ಈ ಅನಿಲ ಇತ್ತು ಎಂದು 2024ರಲ್ಲಿ ಗೊತ್ತಾಗಿತ್ತು. ಮಂಜಿನ ಆ ಉಂಡೆಯಲ್ಲಿ ಪಾಚಿ ಬೆಳೆಯಲು ಸಾಧ್ಯವೇ ಇಲ್ಲ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಒಬ್ಬರು ಕಂಡದ್ದನ್ನು ಹೇಳಿದರು, ಇನ್ನೊಬ್ಬರು ಅದನ್ನೇ ತಾವೂ ನೋಡಿದರು. ಈ ವಿಜ್ಞಾನ ನಡೆಯುವುದೇ ಹೀಗೆ. ಹಾಗೆ ನಡೆಯಬೇಕಾದರೆ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಉಪಾಯದಿಂದ ನೋಡುವ ಕಣ್ಣುಗಳು ಬೇಕು.

ಬೂಷ್ಟಿನ ಕಾಟ

ಕರಾವಳಿಯಲ್ಲಿ ಜುಲೈ ತಿಂಗಳು ಕಳೆದವರಿಗೆ ಮುಂದಿನ ಸಂಗತಿಯನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಬೆಲ್ಟಿನ ಮೇಲೆ ಬೂಷ್ಟು, ಚಪ್ಪಲಿಯ ಮೇಲೆ ಬೂಷ್ಟು, ಕಪಾಟಿನ ಪುಸ್ತಕದ ಬೆನ್ನಿಗೂ ಬೂಷ್ಟು. ನಮ್ಮ ಲ್ಯಾಬ್‌ನಲ್ಲಿ ಒಂದು ಪ್ರಯೋಗ ಮಾಡಿಸುತ್ತೇನೆ. ಸೂಕ್ಷ್ಮಜೀವಿ ಬೆಳೆಸುವ ಗಾಜಿನ ತಟ್ಟೆಯ ಮುಚ್ಚಳವನ್ನು ಎರಡೇ ನಿಮಿಷ ತೆರೆದಿಟ್ಟು ಮುಚ್ಚುವುದು. ಮೂರನೇ ದಿನಕ್ಕೆ ಬಿಳಿ, ಹಸಿರು, ಹಳದಿ ಚುಕ್ಕೆಗಳು ತುಂಬಿರುತ್ತವೆ. ಮಕ್ಕಳು ಬೆರಗಾಗಿ ನೋಡುತ್ತಾರೆ. ತಟ್ಟೆಗೆ ನಾವು ಏನೂ ಹಾಕಿರಲಿಲ್ಲ. ಗಾಳಿಯೇ ಹಾಕಿತು.

ಈಗ ಆ ತಟ್ಟೆಯ ಜಾಗದಲ್ಲಿ ಆಕಾಶದಿಂದ ತಂದ ಮಣ್ಣನ್ನು ಇಟ್ಟು ನೋಡಿ. ಜಪಾನಿನ ಹಯಾಬುಸಾ-2 ನೌಕೆ ರ‍್ಯುಗು ಎಂಬ ಕ್ಷುದ್ರಗ್ರಹದಿಂದ 2020ರ ಡಿಸೆಂಬರ್‌ನಲ್ಲಿ 5.4 ಗ್ರಾಂ ಮಣ್ಣು ತಂದಿತು. ಒಂದು ಚಮಚದಷ್ಟು. ಅದರ ಒಂದು ಕಣ ಬ್ರಿಟನ್ನಿನ ಲ್ಯಾಬ್‌ಗೆ ಹೋಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಡ್ಡಿಯಂಥ, ನೂಲಿನಂಥ ಆಕಾರಗಳು. ಬ್ಯಾಕ್ಟೀರಿಯಾದ ಹಾಗೆಯೇ! ಅಲ್ಲಿಯ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆಯಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಎಣಿಸಿದರು. ಸಂಖ್ಯೆ ಏರಿತ್ತು. ಆಮೇಲೆ ಎಣಿಸಿದರು, ಇಳಿದಿತ್ತು. ಭೂಮಿಯ ಬ್ಯಾಕ್ಟೀರಿಯಾ ಬೆಳೆದು ಸಾಯುವ ಲಯವೇ ಅದು. ಕಣವನ್ನು ಗಾಳಿಗೆ ಒಡ್ಡುವ ಮೊದಲು ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಅವು ಇರಲೂ ಇಲ್ಲ. ನಮ್ಮದೇ ಬೂಷ್ಟು, ಅನ್ಯಲೋಕದ ಕಲ್ಲಿನ ಮೇಲೆ. 2024ರಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ವಿದ್ಯಾರ್ಥಿಗಳು ಓದಲೇಬೇಕಾದ ಕೆಲಸಗಳಲ್ಲಿ ಇದೂ ಒಂದು.

ಉಲ್ಟಾ ಅಪಾಯವೂ ಇದೆ. ನಮ್ಮ ಸೂಕ್ಷ್ಮಜೀವಿಗಳನ್ನು ನಾವೇ ಮಂಗಳಕ್ಕೆ ಒಯ್ದು, ನಾಳೆ ಅಲ್ಲಿ ಜೀವ ಸಿಕ್ಕಿತು ಅಂದರೆ? 1967ರ ಬಾಹ್ಯಾಕಾಶ ಒಪ್ಪಂದದಲ್ಲಿ ಬೇರೆ ಗ್ರಹಗಳನ್ನು ಹಾಗೆ ಮಲಿನ ಮಾಡಬಾರದು ಎಂದಿದೆ. 1958ರಲ್ಲಿ ಹುಟ್ಟಿದ ಕಾಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಶುಚಿತ್ವದ ನಿಯಮಗಳನ್ನು ಬರೆಯುತ್ತದೆ. 1976ರಲ್ಲಿ ಮಂಗಳದಲ್ಲಿ ಇಳಿದ ವೈಕಿಂಗ್ ನೌಕೆಗಳನ್ನು ಹಾರಿಸುವ ಮೊದಲು ಕುದಿನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟಿದ್ದರು. ಒಂದು ದೇಶ ಈ ಮಡಿಯನ್ನು ಮುರಿದರೂ ಎಲ್ಲರ ಪ್ರಯೋಗ ಕೆಡುತ್ತದೆ.

ರಂಪಣಿ ಬಲೆಯ ಲೆಕ್ಕ

ಬಸ್ಸಿನಲ್ಲಿ ಹೇಳಲು ಆಗದೆ ಹೋದದ್ದು ಇದು. ಎರಡನೇ ಪ್ರಶ್ನೆ: ಫಾರಿನ್ ಯಾಕೆ?

ಮಲ್ಪೆಯವರಿಗೆ ರಂಪಣಿ ಗೊತ್ತು. ಒಂದು ಮನೆಯವರಿಂದ ಆ ಬಲೆ ಎಳೆಯಲು ಆಗುವುದಿಲ್ಲ. ದೋಣಿಯವರು ಬಲೆ ಬಿಟ್ಟು ಬರಬೇಕು. ದಡದ ಎರಡೂ ಬದಿಯಲ್ಲಿ ಹತ್ತಾರು ಜನ ಹಗ್ಗ ಹಿಡಿಯಬೇಕು. ಬಂದ ಮೀನಿನಲ್ಲಿ ದೋಣಿಗೆ, ಬಲೆಗೆ, ಎಳೆದವರಿಗೆ ಪಾಲು. ಖಗೋಳ ಜೀವವಿಜ್ಞಾನದಲ್ಲೂ ಪಾಲಿನ ಲೆಕ್ಕ ಹೆಚ್ಚುಕಡಿಮೆ ಹೀಗೇ. ಬೆನ್ನುವಿಗೆ ಹೋದ ನೌಕೆಯಲ್ಲಿ ಕೆನಡಾದ ಒಂದು ಉಪಕರಣ ಇತ್ತು, ಅದಕ್ಕೆ ಕೆನಡಾಕ್ಕೆ ಮಣ್ಣಿನ 4% ಪಾಲು. ಜಪಾನ್ ತನ್ನ ರ‍್ಯುಗು ಮಣ್ಣಿನ 10% ನಾಸಾಕ್ಕೆ ಕೊಟ್ಟಿತು, ನಾಸಾ ಬೆನ್ನುವಿನ 0.5% ಜಪಾನಿಗೆ ಕೊಟ್ಟಿತು. ಬೆನ್ನುವಿನಿಂದ ಬಂದದ್ದು ಒಟ್ಟು 121.6 ಗ್ರಾಂ. ಅದರಲ್ಲಿ ಹೆಚ್ಚಿನ ಪಾಲನ್ನು ಮುಟ್ಟದೆ ಎತ್ತಿಟ್ಟಿದ್ದಾರೆ. ಇನ್ನೂ ಹುಟ್ಟದ ವಿಜ್ಞಾನಿಗಳು ಇನ್ನೂ ತಯಾರಾಗದ ಯಂತ್ರಗಳಲ್ಲಿ ನೋಡಲಿ ಎಂದು.

ಪರ್ಸಿವಿಯರೆನ್ಸ್ ಗಾಡಿಯನ್ನು ನಾಸಾದ್ದು ಅನ್ನುತ್ತೇವೆ. ಅದರ ಹವಾಮಾನ ಯಂತ್ರ ಸ್ಪೇನಿನದ್ದು. ನೆಲದಡಿ ನೋಡುವ ರೇಡಾರ್ ನಾರ್ವೆಯದ್ದು. ಕಲ್ಲಿಗೆ ಲೇಸರ್ ಹೊಡೆದು ಪರೀಕ್ಷಿಸುವ ಉಪಕರಣದ ಅರ್ಧ ಫ್ರಾನ್ಸಿನದ್ದು. ಕೆ2-18ಬಿಯನ್ನು ನೋಡಿದ ಜೇಮ್ಸ್ ವೆಬ್ ದೂರದರ್ಶಕ ಅಮೆರಿಕ, ಯುರೋಪ್, ಕೆನಡಾಗಳದ್ದು. 2021ರ ಕ್ರಿಸ್ಮಸ್ ದಿನ ಅದನ್ನು ಹಾರಿಸಿದ್ದು ಯುರೋಪಿನ ರಾಕೆಟ್, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ.

ನಮ್ಮ ಕಥೆಯೂ ಹೀಗೇ ಶುರುವಾದದ್ದು. ಉಡುಪಿಯ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅಮೆರಿಕದ ಎಂಐಟಿಗೆ ಹೋಗಿ ಕಾಸ್ಮಿಕ್ ಕಿರಣಗಳ ಕೆಲಸ ಮಾಡಿದರು. ನಾಸಾದ ನೌಕೆಗಳ ಅಂಕಿಗಳನ್ನು ಕೈಯಾರೆ ಬಿಡಿಸಿ ನೋಡಿದರು. ವಾಪಸ್ ಬಂದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿದರು. 1975ರ ಏಪ್ರಿಲ್ 19ರಂದು ಅದನ್ನು ಹಾರಿಸಿದ್ದು ಸೋವಿಯತ್ ರಾಕೆಟ್. ಕಲಿತದ್ದು ಒಂದು ದೇಶದಲ್ಲಿ, ಹಾರಿಸಿದ್ದು ಇನ್ನೊಂದು ದೇಶದಿಂದ, ಉಪಗ್ರಹ ನಮ್ಮದು. ಆಮೇಲೆ 2008ರಲ್ಲಿ ಚಂದ್ರಯಾನ-1 ಹೋದಾಗ 11 ಉಪಕರಣಗಳಲ್ಲಿ 6 ಹೊರಗಿನವು. ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ತೋರಿಸಿದ್ದು ಅದರಲ್ಲಿದ್ದ ನಾಸಾದ ಉಪಕರಣ. ಆಗ ಹಗ್ಗದ ಒಂದು ತುದಿ ನಮ್ಮ ಕೈಯಲ್ಲಿತ್ತು.

ಹಗ್ಗ ಕಡಿಯುವುದೂ ಉಂಟು. ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ಎಂಬ ಗಾಡಿ ಮಂಗಳದ ನೆಲವನ್ನು ಎರಡು ಮೀಟರ್ ಆಳ ಕೊರೆಯಬಲ್ಲದು. ವಿಕಿರಣ ಮುಟ್ಟದ ಆ ಆಳದಲ್ಲೇ ಹಳೇ ಜೀವದ ಗುರುತು ಉಳಿದಿರುವ ಸಾಧ್ಯತೆ ಜಾಸ್ತಿ. ಅದು 2022ರಲ್ಲಿ ರಷ್ಯಾದ ರಾಕೆಟ್‌ನಲ್ಲಿ ಹೋಗಬೇಕಿತ್ತು. ಉಕ್ರೇನ್ ಯುದ್ಧ ಶುರುವಾಗಿ ಪಾಲುದಾರಿಕೆ ಮುರಿಯಿತು. ಈಗಿನ ಗುರಿ 2028. ಚೆಯಾವಾ ಫಾಲ್ಸ್‌ನ ಕಲ್ಲಿನ ತುಂಡು ಗಾಡಿಯ ಕೊಳವೆಯಲ್ಲಿ ಭದ್ರವಾಗಿದೆ. ಅದನ್ನು ಭೂಮಿಗೆ ತರುವ ನಾಸಾ ಮತ್ತು ಯುರೋಪಿನ ಜಂಟಿ ಯೋಜನೆಯ ಖರ್ಚು 11 ಬಿಲಿಯನ್ ಡಾಲರ್‌ವರೆಗೂ ಏರಬಹುದು ಎಂಬ ಅಂದಾಜು ಬಂದ ಮೇಲೆ ಅದೂ ತೂಗುಯ್ಯಾಲೆಗೆ ಬಿತ್ತು; 2026ರಲ್ಲಿ ಅಮೆರಿಕ ಆ ರೂಪದ ಯೋಜನೆಗೆ ಹಣ ನಿಲ್ಲಿಸಿತು.

ಜೀವ ಸಿಕ್ಕಿದೆ ಎಂದು ಎಷ್ಟು ಧೈರ್ಯದಿಂದ ಹೇಳಬಹುದು ಎಂದು ತೂಗಲು 2021ರಲ್ಲಿ ನಾಸಾದ ವಿಜ್ಞಾನಿಗಳು ಏಳು ಮೆಟ್ಟಿಲಿನ ಏಣಿಯೊಂದನ್ನು ಮುಂದಿಟ್ಟರು. ಕೆಳಗಿನ ಮೆಟ್ಟಿಲು: ಗುರುತು ಕಂಡಿತಾ? ಎರಡನೆಯದು: ಅದು ನಮ್ಮದೇ ಬೂಷ್ಟು ಅಲ್ಲ ತಾನೇ? ಹೀಗೆ ಹತ್ತುತ್ತ, ಮೇಲಿನ ಮೆಟ್ಟಿಲುಗಳಿಗೆ ಬರುವಾಗ ಬೇರೆಯವರು ಬೇರೆ ವಿಧಾನದಲ್ಲಿ ನೋಡಿಯೂ ಅದೇ ಸಿಗಬೇಕು. ಕೊನೆಯ ಮೆಟ್ಟಿಲುಗಳನ್ನು ಒಂದೇ ತಂಡ ಹತ್ತಲು ದಾರಿಯೇ ಇಲ್ಲ.

ತರಬೇತಿಯಲ್ಲಿ ಏನು ಕಲಿಸುತ್ತಾರೆ

ಮೊದಲು ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗಬೇಕು. ಖಗೋಳ ವಿಜ್ಞಾನಿಗಳು ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಎಲ್ಲ ಧಾತುಗಳನ್ನೂ "ಲೋಹ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಆಮ್ಲಜನಕವೂ ಲೋಹ! ಜೀವವಿಜ್ಞಾನ ಓದಿದವರು ಇದನ್ನು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಭೂವಿಜ್ಞಾನಿಗೆ ಹತ್ತು ಲಕ್ಷ ವರ್ಷ ಅಂದರೆ ನಿನ್ನೆ ಮೊನ್ನೆ. ನನ್ನಂಥ ಸೂಕ್ಷ್ಮಜೀವಿಯವನಿಗೆ ಇಪ್ಪತ್ತು ನಿಮಿಷ ಅಂದರೆ ಒಂದು ತಲೆಮಾರು. ಇವರೆಲ್ಲ ಒಂದೇ ಕಲ್ಲಿನ ಬಗ್ಗೆ ಮಾತಾಡಬೇಕು.

ಅದಕ್ಕಾಗಿಯೇ ಬೇಸಿಗೆ ಶಾಲೆಗಳಿವೆ. ಸ್ಪೇನಿನ ಸಾಂಟಾಂಡೇರ್ ಎಂಬ ಕಡಲೂರಿನಲ್ಲಿ 2003ರಿಂದ ಇಂಥದ್ದೊಂದು ಒಂದು ವಾರದ ಶಾಲೆ ನಡೆದುಕೊಂಡು ಬಂದಿದೆ. ಸ್ಪೇನಿನ ಖಗೋಳ ಜೀವವಿಜ್ಞಾನ ಕೇಂದ್ರವೂ ನಾಸಾವೂ ಸೇರಿ ಕಟ್ಟಿದ್ದು. ಟೋಕಿಯೋದಲ್ಲಿ 2012ರಿಂದ ಭೂಮಿ ಮತ್ತು ಜೀವದ ಹುಟ್ಟನ್ನು ಒಟ್ಟಿಗೆ ನೋಡುವ ಎಲ್ಸಿ ಎಂಬ ಸಂಸ್ಥೆ ಇದೆ. ಯುರೋಪಿನ ದೇಶಗಳು ಸೇರಿ 2019ರಲ್ಲಿ ಇಂಥ ಇನ್ನೊಂದು ಸಂಸ್ಥೆ ಕಟ್ಟಿದವು. ಹೆಸರುಗಳು ಇಷ್ಟು ಸಾಕು.

ನಿಜವಾದ ಪಾಠ ಬಯಲಿನಲ್ಲಿ. ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು ಉಳಿದಿವೆ. ವಿದ್ಯಾರ್ಥಿಗಳನ್ನು ಅವುಗಳ ಮುಂದೆ ನಿಲ್ಲಿಸಿ ಕೇಳುತ್ತಾರೆ: ಇದು ಜೀವ ಕಟ್ಟಿದ್ದೋ, ಸುಮ್ನೆ ಮಡಚಿಕೊಂಡ ಮಣ್ಣೋ? ಹೇಗೆ ಹೇಳುತ್ತೀರಿ? ಈ ಪ್ರಶ್ನೆ ದೊಡ್ಡವರನ್ನೂ ಬಿಟ್ಟಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷ ಹಳೆಯ ಪದರ ಸಿಕ್ಕಿತು ಎಂದು 2016ರಲ್ಲಿ ಒಂದು ತಂಡ ಪ್ರಕಟಿಸಿತು. 2018ರಲ್ಲಿ ಇನ್ನೊಂದು ತಂಡ ಅಲ್ಲಿಗೇ ಹೋಗಿ ಬಂಡೆಯನ್ನು ಪಕ್ಕದಿಂದಲೂ ನೋಡಿತು. ಮುಂದಿನಿಂದ ಗೋಪುರದಂತೆ ಕಂಡದ್ದು ಪಕ್ಕದಿಂದ ಉದ್ದನೆಯ ಏಣು. ಒತ್ತಡಕ್ಕೆ ಸುಕ್ಕಾದ ಬಂಡೆ ಎಂದು ಅವರ ತೀರ್ಮಾನ. ಮೊದಲಿನವರು ಅದನ್ನು ಒಪ್ಪಿಲ್ಲ. ಕಲ್ಲಿನ ಪಕ್ಕಕ್ಕೆ ಹೋಗಿ ನೋಡುವ ಅಭ್ಯಾಸವನ್ನು ತರಬೇತಿ ಕಲಿಸುತ್ತದೆ.

ಇದಕ್ಕೆಲ್ಲ ವಿಮಾನ ಹತ್ತಲೇಬೇಕು ಅಂತಿಲ್ಲ. ಲಡಾಖ್‌ನ ಚಳಿ, ತೆಳುಗಾಳಿ, ಉಪ್ಪು ಕೆರೆ, ಬಿಸಿ ಬುಗ್ಗೆಗಳು ಮಂಗಳಕ್ಕೆ ಒಳ್ಳೆಯ ಹೋಲಿಕೆ. 2016ರ ಆಗಸ್ಟ್‌ನಲ್ಲಿ ನಾಸಾ, ಆಸ್ಟ್ರೇಲಿಯಾ ಮತ್ತು ಭಾರತದ ಸಂಶೋಧಕರು ವಿದ್ಯಾರ್ಥಿಗಳ ಜೊತೆ ಅಲ್ಲಿ ಬಯಲು ಶಿಬಿರ ನಡೆಸಿದರು. 2025ರ ಜುಲೈ ಕೊನೆಗೆ ತ್ಸೋ ಕಾರ್ ಎಂಬ ಉಪ್ಪು ಕೆರೆಯ ಬಳಿ ಮಂಗಳದಂಥ ಜಾಗದಲ್ಲಿ ಬದುಕುವ ತಾಲೀಮಿಗೆ ಇಸ್ರೋ ಬೆಂಬಲದ ಹೋಪ್ ಎಂಬ ಪುಟ್ಟ ನಿಲ್ದಾಣವೂ ಶುರುವಾಯಿತು.

"ಇದರಿಂದ ನಮಗೆ ಲಾಭ ಎಂತ?"

ಇದನ್ನು ಕೇಳುವವರಿಗೆ ನಾನು ನೆನಪಿಸುವುದು ಕೊರೋನಾ ಟೆಸ್ಟ್. 1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಯಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಒಂದು ಬ್ಯಾಕ್ಟೀರಿಯಾ ಹಿಡಿದರು. ಜೀವ ಎಷ್ಟು ಬಿಸಿ ತಡೆಯುತ್ತದೆ ಅನ್ನುವ ಕುತೂಹಲ, ಅಷ್ಟೇ. ಆ ಬ್ಯಾಕ್ಟೀರಿಯಾದ ಒಂದು ಕಿಣ್ವ ಕುದಿಯುವಷ್ಟು ಬಿಸಿಗೂ ಕೆಡುವುದಿಲ್ಲ. ಡಿಎನ್‌ಎಯನ್ನು ಬಿಸಿ ಮಾಡಿ, ತಣಿಸಿ, ಪ್ರತಿ ತೆಗೆಯುವ ಪಿಸಿಆರ್ ವಿಧಾನ ಸುಲಭವಾದದ್ದು ಅದರಿಂದ. ಮೂಗಿಗೆ ಕಡ್ಡಿ ಹಾಕಿ ತೆಗೆದ ಆರ್‌ಟಿ-ಪಿಸಿಆರ್ ಟೆಸ್ಟಿನ ಬೇರು ಆ ಬುಗ್ಗೆಯಲ್ಲಿದೆ.

ನಮ್ಮಲ್ಲೂ ಒಂದು ಬುಗ್ಗೆ ಉಂಟು. ಪುತ್ತೂರು ಬಳಿಯ ಇರ್ದೆಯ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಯೆಲ್ಲೋಸ್ಟೋನಿನ ಹಾಗೆ ಕುದಿಯುವುದಿಲ್ಲ, ಸ್ನಾನದ ನೀರಿನಷ್ಟು ಹಿತ. ಆದರೂ ನೆಲದಡಿಯಿಂದ ಬರುವ ಬಿಸಿನೀರಿನಲ್ಲಿ ಏನು ಬದುಕುತ್ತದೆ ಎಂದು ನೋಡುವ ಮೊದಲ ಪಾಠಕ್ಕೆ ಅಷ್ಟು ಸಾಕು.

ಇಲ್ಲಿ ಎಂತ ಉಂಟು?

ಮೂರನೇ ಪ್ರಶ್ನೆ. ಮಂಗಳೂರು, ಉಡುಪಿಯಲ್ಲಿ ಆಸ್ಟ್ರೋಬಯಾಲಜಿ ಅಂತ ಬೋರ್ಡು ಹುಡುಕುವುದು ಬೇಡ. ಈ ಕ್ಷೇತ್ರದಲ್ಲಿ ಇರುವವರಲ್ಲಿ ಹೆಚ್ಚಿನವರು ಬೇರೆ ಒಂದು ವಿಷಯವನ್ನು ಗಟ್ಟಿಯಾಗಿ ಕಲಿತು ಇಲ್ಲಿಗೆ ಬಂದವರು. ರಸಾಯನ, ಸೂಕ್ಷ್ಮಜೀವಿ, ಭೂವಿಜ್ಞಾನ, ಭೌತಶಾಸ್ತ್ರ, ಇಂಜಿನಿಯರಿಂಗ್, ಯಾವುದಾದರೂ ಆಗುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನವೂ ಕಡಲಿನ ಭೂವಿಜ್ಞಾನವೂ ಇವೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಮಣಿಪಾಲದಲ್ಲಿ ಪ್ರಕೃತಿ ವಿಜ್ಞಾನಗಳ ಕೇಂದ್ರ. ಆಕಾಶ ನೋಡಲು ಪಿಲಿಕುಳದ ತ್ರೀಡಿ ತಾರಾಲಯ, ಉಡುಪಿಯ ಪೂರ್ಣಪ್ರಜ್ಞದ ಹವ್ಯಾಸಿ ಖಗೋಳ ಸಂಘ. ಒಂಬತ್ತನೇ ತರಗತಿಯವರಿಗೆ ಇಸ್ರೋದ ಯುವಿಕಾ ಎಂಬ ತರಬೇತಿ ಶಿಬಿರ ಇದೆ. ಡಿಗ್ರಿಯವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ. ಒಳ್ಳೆಯ ಲ್ಯಾಬ್‌ನಲ್ಲಿ ಎರಡು ತಿಂಗಳು ಕೂತು ಬಂದವರಿಗೆ ಮುಂದೆ ಹೊರದೇಶದ ಅರ್ಜಿ ಬರೆಯುವಾಗ ಹೇಳಲು ಏನಾದರೂ ಇರುತ್ತದೆ. ಸರ್ಟಿಫಿಕೇಟಿಗೆ ದುಡ್ಡು ಕೇಳುವ ವಾರದ ಆನ್‌ಲೈನ್ ಕೋರ್ಸುಗಳಿಗೆ ಆ ತೂಕ ಇಲ್ಲ.

ಇನ್ನು ಆ ಅಪ್ಪನ ವ್ಯಾಪಾರದ ವಿಷಯ. ಮಳೆಗಾಲದಲ್ಲಿ ಉಪ್ಪು ಹಾಕಿದ ಒಣಮೀನಿನ ಮೇಲೆ ಕೆಲವೊಮ್ಮೆ ಗುಲಾಬಿ ಬಣ್ಣದ ಲೋಳೆ ಬರುತ್ತದೆ. ಮಾಲು ಹಾಳು. ವ್ಯಾಪಾರಿಗೆ ನಷ್ಟ. ಆ ಗುಲಾಬಿ ಬಣ್ಣ ಉಪ್ಪನ್ನೇ ಪ್ರೀತಿಸುವ ಸೂಕ್ಷ್ಮಜೀವಿಗಳದ್ದು. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 3.5%. ಇವಕ್ಕೆ ಬೇಕಾದದ್ದು 20ರಿಂದ 25%. ಬೇರೆ ಜೀವಿಗಳು ಬಾಡಿ ಸಾಯುವಲ್ಲಿ ಇವು ಹಬ್ಬ ಮಾಡುತ್ತವೆ. ಉಪ್ಪಿನ ಹರಳಿನೊಳಗೆ ಸಿಕ್ಕಿಕೊಂಡ ನೀರಿನ ಹನಿಯಲ್ಲೂ ತುಂಬಾ ಕಾಲ ಬದುಕಿರುತ್ತವೆ. ಮಂಗಳದಲ್ಲಿ ಒಣಗಿದ ಕೆರೆಗಳ ಉಪ್ಪು ಇದೆ. ಬೆನ್ನುವಿನ ಮಣ್ಣಿನಲ್ಲೂ ಉಪ್ಪುನೀರು ಆರಿದ ಗುರುತು ಸಿಕ್ಕಿದೆ. ಗುರುವಿನ ಉಪಗ್ರಹ ಯುರೋಪಾದ ಮಂಜಿನಡಿ ಉಪ್ಪು ಕಡಲು ಇದೆಯಾ ಎಂದು ನೋಡಲು 2024ರ ಅಕ್ಟೋಬರ್‌ನಲ್ಲಿ ಹೊರಟ ನೌಕೆ 2030ಕ್ಕೆ ಮುಟ್ಟಲಿದೆ. ಅಲ್ಲಿ ಜೀವ ಇದ್ದರೆ ಹೇಗಿರಬಹುದು ಎಂದು ಯೋಚಿಸುವವರು ಮೊದಲು ನೋಡುವುದು ಇಂಥ ಉಪ್ಪುಪ್ರಿಯರನ್ನೇ.

ಇದನ್ನು ಫೋನಿನಲ್ಲಿ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹೌದಾ ಸರ್? ನಾವು ಅದನ್ನು ಬಿಸಾಡುವುದಲ್ಲ!" ಅಂದರು.

ನಿನ್ನೆ ಮಗಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಎರಡು ತುಂಡು ಕಳಿಸಿದ್ದಾರೆ. ಗುಲಾಬಿ ಚೆನ್ನಾಗಿ ಹತ್ತಿದೆ. ಅವಳ ಕೊನೇ ವರ್ಷದ ಪ್ರಾಜೆಕ್ಟ್ ಅದೇ. ಸೋಮವಾರ 20% ಉಪ್ಪಿನ ತಟ್ಟೆ ತಯಾರಿಸುತ್ತೇವೆ. ಕಣ್ಣಿಗೆ ಕಾಣುವಷ್ಟು ಬೆಳೆಯಲು ಒಂದೆರಡು ವಾರ ಬೇಕು. ಮೀನು ಮುಟ್ಟದ ಇನ್ನೊಂದು ತಟ್ಟೆಯನ್ನೂ ಪಕ್ಕದಲ್ಲಿ ಇಡಬೇಕು ಎಂದು ಅವಳೇ ಹೇಳಿದಳು, ಲ್ಯಾಬಿನ ಗಾಳಿಯದ್ದು ಯಾವುದು, ಮೀನಿನದ್ದು ಯಾವುದು ಎಂದು ಗೊತ್ತಾಗಲಿ ಅಂತ.